ಡಿಲಿಸ್ ತೊಳೆದ ಕಲ್ಲು

ನನ್ನ ಗೆಳತಿ ಡಿಲಿಸ್ ಮಂಗಳವಾರ ತೀರಿಕೊಂಡಳು. ನಮ್ಮ ವೇಲ್ಸ್ ಹಳ್ಳಿಯಲ್ಲಿ ಮಡಿದ ಸೈನಿಕರ ಹೆಸರು ಕೆತ್ತಿದ ಯುದ್ಧಸ್ಮಾರಕದ ಕಲ್ಲನ್ನು ಐವತ್ತು ವರ್ಷ ಪ್ರತಿ ಶನಿವಾರ ಉಜ್ಜಿ ತೊಳೆದವಳು ಅವಳು. ಅದಕ್ಕೆ ಪಾದ್ರಿಗಳು ಒರಗಿದರೂ ಬಿಡದೆ, "ಪಾದ್ರಿಗಳೇ, ಅದು ನಿಮ್ಮನೆ ಸೋಫಾ ಅಲ್ಲ" ಎಂದು ಎಬ್ಬಿಸುತ್ತಿದ್ದಳು. ಪಾರಿವಾಳಗಳೂ ಅವಳ ಬಕೆಟ್ಟಿನ ಸದ್ದಿಗೆ ಚರ್ಚಿನ ಮಾಡಿಗೆ ಹಾರುತ್ತಿದ್ದವು. ಸ್ಮಾರಕವನ್ನು ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಲು ಬಂದ ಅಧಿಕಾರಿ ಅವಳ ತಂತಿಬ್ರಷ್ ನೋಡಿ ಮೆಲ್ಲಗೆ ಹೇಳಿದ: "ಅಕ್ಷರ ಸವೆದಿರೋದು ಮಳೆಗಲ್ಲ ಮೇಡಂ, ಇದಕ್ಕೆ. ಇನ್ಮೇಲೆ ಬರೀ ನೀರು ಹಾಕಿ." ಎಲ್ಲಕ್ಕಿಂತ ಹೆಚ್ಚು ಸವೆದಿದ್ದು ಅವಳು ಹೆಚ್ಚು ಉಜ್ಜಿದ ಹೆಸರು, ಯುದ್ಧದಲ್ಲಿ ಕಡಲಪಾಲಾದ ಅಣ್ಣ ಎಮ್ರಿಸ್‌ನದು. "ಅಂದ್ರೆ ಅವನನ್ನ ಅಳಿಸಿದ್ದು ನಾನೇ" ಎಂದಳು. ಮತ್ತೆ ಬ್ರಷ್ ಮುಟ್ಟಲಿಲ್ಲ. ಕಲ್ಲು ಒದ್ದೆಯಾದಾಗ ಮಾತ್ರ ಆ ಹೆಸರು ನೀರಿನಾಳದಿಂದ ತೇಲಿ ಬಂದಂತೆ ಕಾಣುತ್ತಿತ್ತು. ಕಳೆದ ಶನಿವಾರ ನನ್ನ ತೋಳು ಹಿಡಿದು ಬಂದಳು, ಅಂಗೈಯಿಂದ ಕಲ್ಲಿಗೆ ನೀರು ಸವರಿದಳು, ಅದು ಒಣಗುವವರೆಗೂ ಅಣ್ಣನ ಹೆಸರನ್ನು ಓದುತ್ತ ನಿಂತಳು.