ಅತ್ತಿಗೆ ಹೇಳದೆ ಹೋದ ಹೆಸರು

ಎರಡು ವರ್ಷದ ಹಿಂದಿನ ಮಾತು. ಕಥೆ ಬರೆದೇ ಬದುಕುತ್ತೇನೆಂದು ಹೊರಟು ಆಗ ನನಗೆ ಆರನೆಯ ವರ್ಷ. ಅದಕ್ಕೂ ಮೊದಲು ಕುಂದಲಹಳ್ಳಿಯ ಬಳಿ ಒಂದು ಕಂಪನಿಯಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದೆ. ಹೋಗಿಬರುವುದರಲ್ಲೇ ದಿನ ಸವೆಯುತ್ತಿತ್ತು. ಬಸ್ಸಿನಲ್ಲಿ ಕೂತು ಫೋನಿನಲ್ಲಿ ಬರೆದ ಒಂದು ಪತ್ತೇದಾರಿ ಕಥೆ ವಾರಪತ್ರಿಕೆಯಲ್ಲಿ ಬಂದ ಮೇಲೆ ಧೈರ್ಯ ಮಾಡಿ ಕೆಲಸ ಬಿಟ್ಟೆ. ಪೀಣ್ಯಕ್ಕೆ ಅಂಟಿಕೊಂಡ ರಾಜಗೋಪಾಲನಗರದಲ್ಲಿ ಅಣ್ಣ ಲೋಕೇಶ ಮತ್ತು ಅತ್ತಿಗೆ ರತ್ನ ಇದ್ದ ಬಾಡಿಗೆ ಮನೆ. ಅದರ ಮೇಲಿನ ಒಂಟಿ ಕೋಣೆ ನನ್ನದು. ಊಟ ಕೆಳಗೆ, ಕೆಲಸ ಮೇಲೆ.

ನಮ್ಮಂಥವರನ್ನು ಯಾರೂ ಸಾಹಿತಿ ಎಂದು ಕರೆಯುವುದಿಲ್ಲ. ಕೊಲೆಯೋ, ದೆವ್ವವೋ, ಪ್ರೇಮವೋ, ಕೇಳಿದ್ದನ್ನು ಕೇಳಿದ ದಿನಕ್ಕೆ ಕೊಡಬೇಕು. ಒಂದೇ ಕಡೆ ಬರೆದರೆ ತಿಂಗಳು ದಾಟುವುದಿಲ್ಲ. ಆ ವರ್ಷ ನನ್ನ ಕೈಯಲ್ಲಿ ಮೂರು ಕೆಲಸಗಳಿದ್ದವು. ಬೆಳ್ಳಂದೂರಿನಲ್ಲಿ ಕಚೇರಿಯಿದ್ದ ಒಂದು ಆಡಿಯೋ ಆ್ಯಪ್‌ಗೆ ಕೊಲೆಯ ಧಾರಾವಾಹಿ, ಪ್ರತಿ ಗುರುವಾರ ಒಂದು ಕಂತು. ವಾರಪತ್ರಿಕೆಗೆ ಒಂದು ಪ್ರೇಮಕಥೆ. ಎಲೆಕ್ಟ್ರಾನಿಕ್ ಸಿಟಿಯ ಮೂರ್ತಿ ಎಂಬವರ ಯೂಟ್ಯೂಬ್ ಚಾನೆಲ್ಲಿಗೆ ದೆವ್ವದ ಕಥೆಗಳು. ಬೆಳಿಗ್ಗೆ ಕೊಲೆ, ಮಧ್ಯಾಹ್ನ ಪ್ರೇಮ, ದೀಪ ಹಚ್ಚುವ ಹೊತ್ತಿಗೆ ದೆವ್ವ. ಹೊತ್ತು ಬದಲಿಸಿದರೆ ಕೆಡುತ್ತಿತ್ತು. ಬಿಸಿಲಲ್ಲಿ ಬರೆದ ದೆವ್ವಕ್ಕೆ ಯಾರೂ ಹೆದರುವುದಿಲ್ಲ.

ಮೂರರಲ್ಲಿ ಕೊಲೆಯ ಕಥೆ ಮಾತ್ರ ನನ್ನೊಬ್ಬಳದ್ದಲ್ಲ. ಅದರ ಹೆಣಿಗೆ ಅತ್ತಿಗೆಯದು, ಮಾತು ನನ್ನದು. ಅತ್ತಿಗೆ ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದರು. ದಿನವಿಡೀ ಬಂದ ಮಾಲು, ಹೋದ ಮಾಲು ಬರೆದು ಸಾಕಾಗಿ, ಮನೆಯಲ್ಲಿ ಪೆನ್ನು ಮುಟ್ಟುತ್ತಿರಲಿಲ್ಲ. ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಾ ಮುಂದಿನ ಕಂತು ಹೇಳುತ್ತಿದ್ದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಕಥೆ ಬಂದದ್ದು ನಮ್ಮಿಬ್ಬರ ಹೆಸರಿನಲ್ಲೇ.

ನಮ್ಮಲ್ಲಿ ಒಂದು ನಿಯಮವಿತ್ತು. ಕೊಲೆ ಮಾಡಿದವರು ಯಾರೆಂದು ಅತ್ತಿಗೆ ನನಗೆ ಮೊದಲೇ ಹೇಳುತ್ತಿರಲಿಲ್ಲ. ನಮ್ಮ ಮೊದಲ ಧಾರಾವಾಹಿಯಲ್ಲಿ ಕೊಲೆಗಾರ ಒಬ್ಬ ಡಾಕ್ಟರು. ಅದು ಗೊತ್ತಿದ್ದ ನಾನು, ಯಾರಿಗೂ ಅನುಮಾನ ಬಾರದಿರಲೆಂದು ಅವನನ್ನು ಎಷ್ಟು ಒಳ್ಳೆಯವನನ್ನಾಗಿ ಮಾಡಿದೆನೆಂದರೆ, ಎರಡನೆಯ ಕಂತಿಗೇ ಓದುಗರೊಬ್ಬರು ಪತ್ರಿಕೆಗೆ ಫೋನ್ ಮಾಡಿ ಅವನ ಹೆಸರು ಹೇಳಿಬಿಟ್ಟರು.

“ನಿನ್ ಕೈಲಿ ಗುಟ್ಟು ನಿಲ್ಲಲ್ಲ ಮಂಜು,” ಎಂದು ಅತ್ತಿಗೆ ನಕ್ಕಿದ್ದರು. “ಕೊಲೆಗಾರ ಅಂತ ಗೊತ್ತಾಗಿದ್ದೇ ತಡ, ಅವ್ನನ್ನ ಕೂರ್ಸಿ ಕಾಫಿ ಕೊಡ್ತೀಯ. ಇನ್ಮೇಲೆ ಕೊನೇಲಿ ಹೇಳ್ತೀನಿ.”

ಹಾಗೇ ನಡೆಯಿತು. ಮುಗಿಯಲು ಎರಡು ಕಂತು ಉಳಿದಾಗ ಹೆಸರು ಹೇಳುವರು. ನಾನು ಬೆರಗಾಗುವೆ. ಆಮೇಲೆ ಕೂತು ಬರೆಯುವೆ.

ಆ ವರ್ಷದ ಕಥೆ ಪೀಣ್ಯದ ಒಂದು ಶೆಡ್ಡಿನದು. ಸಣ್ಣ ಪಂಪು ತಯಾರಿಸುವ ಶೆಡ್ಡು. ಆಯುಧಪೂಜೆಯ ರಜೆ ಮುಗಿದು ಕೆಲಸ ಶುರುವಾಗುವ ಬೆಳಿಗ್ಗೆ ಅದರ ಮಾಲೀಕ ಒಳಗೆ ಸತ್ತು ಬಿದ್ದಿರುತ್ತಾನೆ. ಹೊರಗಿನವರು ಬಂದಿರಲಾರರು. ಅನುಮಾನ ನಾಲ್ವರ ಮೇಲೆ: ಅವನ ಪಾಲುದಾರ, ಅವನ ತಮ್ಮ, ರಾತ್ರಿ ಕಾವಲಿನ ವಾಚ್‌ಮ್ಯಾನ್, ಲೆಕ್ಕ ಬರೆಯುವ ವಸಂತಮ್ಮ. ನಮ್ಮ ಅಣ್ಣನಂಥ ಕೇಳುಗ ಇನ್ನೊಬ್ಬನಿರಲಿಲ್ಲ. ಅವನು ಕಾರ್ಖಾನೆಯೊಂದರ ಬಸ್ ಓಡಿಸುತ್ತಾನೆ. ಶಿಫ್ಟ್ ಬಿಡುವವರೆಗೆ ಬಸ್ಸಿನಲ್ಲೇ ಕೂತು ಹೊಸ ಕಂತು ಕೇಳುವನು, ಊಟಕ್ಕೆ ಕೂತ ಕೂಡಲೇ ಒಂದು ಹೆಸರು ಹೇಳುವನು. ಆ ಹೊತ್ತಿಗೆ ನಾನು ಮೇಲೆ ದೆವ್ವದ ಜೊತೆ ಇರುತ್ತಿದ್ದೆ. ಗಂಡ ಹೆಂಡತಿ ವಾದ ಮಾಡುವ ಸದ್ದಷ್ಟೇ ಕೇಳುತ್ತಿತ್ತು.

ದೀಪಾವಳಿ ಕಳೆದ ಕೆಲವು ದಿನಗಳಿಗೆ, ಕೆಲಸದ ನಡುವೆಯೇ ಅತ್ತಿಗೆ ಸ್ಟೋರ್ಸಿನಲ್ಲಿ ಕುಸಿದುಬಿದ್ದರು. ತಲೆಯೊಳಗಿನ ರಕ್ತನಾಳ ಒಡೆದಿತ್ತು. ಅಣ್ಣ ಆಗ ನೆಲಮಂಗಲದ ಕಡೆ ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು ಬರುತ್ತಿದ್ದ. ಅವರನ್ನೆಲ್ಲ ಇಳಿಸಿ ಆಸ್ಪತ್ರೆಗೆ ಬರುವಷ್ಟರಲ್ಲಿ ಅತ್ತಿಗೆಗೆ ಪ್ರಜ್ಞೆ ಇರಲಿಲ್ಲ. “ಮುಂಚೆ ತಲೆನೋವು ಅಂತ ಹೇಳ್ತಿದ್ರಾ?” ಎಂದು ಡಾಕ್ಟರು ಕೇಳಿದರು. “ಇಲ್ಲ ಸಾರ್. ಬೆಳಿಗ್ಗೆ ನಾನೇ ಕೇಳ್ದೆ. ಇಲ್ಲ ಅಂದ್ಲು,” ಎಂದ ಅಣ್ಣ. ಮಾರನೆಯ ದಿನ ಅತ್ತಿಗೆ ಹೋದರು. ಅವರಿಗೆ ನಲವತ್ನಾಲ್ಕು ವರ್ಷ.

ಕಾರ್ಯಗಳು ಮುಗಿಯುವವರೆಗೆ ಆ್ಯಪ್‌ನಲ್ಲಿ ಕಥೆ ತಾನಾಗಿ ಓಡುತ್ತಿತ್ತು. ನಮ್ಮ ಕಸುಬಿನಲ್ಲಿ ಬ್ಯಾಂಕ್ ಎಂಬ ಮಾತಿದೆ. ಮುಂಚಿತವಾಗಿ ಬರೆದು, ದನಿ ಕೊಡಿಸಿ ಇಟ್ಟ ಕಂತುಗಳ ದಾಸ್ತಾನು ಅದು. ಬರೆದವರು ಕಾಯಿಲೆ ಬಿದ್ದರೂ, ಸತ್ತರೂ ಕೇಳುವವರಿಗೆ ಗೊತ್ತಾಗದ ಹಾಗೆ ಮಾಡಿಕೊಂಡ ವ್ಯವಸ್ಥೆ. ಅತ್ತಿಗೆ ಇಲ್ಲದ ಮೇಲೂ ಗುರುವಾರ ಅತ್ತಿಗೆಯ ಕಥೆ ಬರುತ್ತಿತ್ತು. ಅಣ್ಣ ಬಸ್ಸಿನಲ್ಲಿ ಕೂತು ಕೇಳುತ್ತಿದ್ದ. ಊಟಕ್ಕೆ ಕೂತಾಗ ಹೆಸರು ಹೇಳುತ್ತಿರಲಿಲ್ಲ.

ನಾನು ಮೇಜಿಗೆ ಮರಳಿದೆ, ಆದರೆ ಮೂರು ಕಥೆಗಳ ನಡುವಿನ ಗೋಡೆ ಬಿದ್ದುಹೋಗಿತ್ತು. ಪ್ರೇಮಕಥೆಯ ನಾಯಕಿ ಒಂದು ವಾರ ಕೊಲೆಯ ಕಥೆಯ ಇನ್‌ಸ್ಪೆಕ್ಟರ್ ಜೊತೆ ಮಾತಾಡಿದಳು. ಅವನು ಇಲ್ಲಿಗೆ ಹೇಗೆ ಬಂದ ಎಂದು ಪತ್ರಿಕೆಯವರು ಫೋನ್ ಮಾಡಿ ಕೇಳಿದ ಮೇಲೇ ನನಗೆ ಗೊತ್ತಾದದ್ದು. ದೆವ್ವದ ಮೂರ್ತಿಯವರು ಒಳ್ಳೆಯ ಮನುಷ್ಯ, ಬಹಳ ಹಿಂಜರಿದು ಹೇಳಿದರು: “ಮೇಡಂ, ಬೇಜಾರ್ ಮಾಡ್ಕೋಬೇಡಿ. ಈ ಸಲದ ದೆವ್ವ ಹೆದರಿಸ್ತಾನೇ ಇಲ್ಲ. ಅಡುಗೆಮನೇಲಿ ನಿಂತ್ಕೊಂಡು ಊಟ ಆಯ್ತಾ ಅಂತ ಕೇಳ್ತಾ ಇದೆ.” ಸ್ವಲ್ಪ ದಿನ ಬಿಡುವು ಕೊಡಿ ಎಂದು ಕೇಳಿದೆ. ಕೊಟ್ಟರು.

ಕೊಲೆಯ ಕಥೆಗೆ ಬಿಡುವು ಇರಲಿಲ್ಲ. ಬ್ಯಾಂಕ್ ಬರಿದಾಗುತ್ತಿತ್ತು. ಅತ್ತಿಗೆ ಹೇಳಿ ಮುಗಿಸಿದ ಕಡೆಯಿಂದ ಕೊನೆಗೆ ಇನ್ನು ನಾಲ್ಕೇ ಕಂತು ಬಾಕಿ, ಹೆಸರು ನನಗೆ ಗೊತ್ತಿಲ್ಲ. ಅವರ ಫೋನ್ ನೋಡಿದೆ, ಜೊತೆಗೆ ಕೆಲಸ ಮಾಡುತ್ತಿದ್ದವರನ್ನು ಕೇಳಿದೆ. ಯಾರಿಗೂ ಹೇಳಿರಲಿಲ್ಲ. ಎಲ್ಲ ಕಂತುಗಳನ್ನು ಮೊದಲಿನಿಂದ ಕೇಳಿದೆ. ನಾಲ್ವರಿಗೂ ಕಾರಣವಿತ್ತು, ನಾಲ್ವರಿಗೂ ಅವಕಾಶವಿತ್ತು. ಅಷ್ಟು ಸಮವಾಗಿ ಹೆಣೆದಿದ್ದರು.

ಆ್ಯಪ್‌ನ ಸಂಪಾದಕ ಸುಹಾಸ್ ಫೋನ್ ಮಾಡಿದ. ಮೃದು ಮಾತಿನ ಹುಡುಗ. “ನಿಮ್ ಲಾಸ್ ಅರ್ಥ ಆಗತ್ತೆ ಮೇಡಂ. ಟೈಮ್ ತಗೊಳ್ಳಿ. ಆದ್ರೆ ಸಂಕ್ರಾಂತಿ ಒಳಗೆ ಎಂಡಿಂಗ್ ಬೇಕೇ ಬೇಕು. ಕಷ್ಟ ಅನ್ಸಿದ್ರೆ ನಮ್ ಟೀಮಲ್ಲಿ ಯಾರಾದ್ರೂ ಬರೀತಾರೆ. ಹೆಸ್ರು ನಿಮ್ಮಿಬ್ಬರ್ದೇ ಇರತ್ತೆ.”

ಅದನ್ನು ಅಣ್ಣನಿಗೆ ಹೇಳಿದಾಗ ಅವನ ಮುಖ ಕೆಂಪಾಯಿತು. “ಕೊಲೆ ಮಾಡ್ಸಿರೋಳು ಅವ್ಳು. ಯಾರು ಮಾಡಿದ್ದು ಅಂತ ಬೆಳ್ಳಂದೂರಿನ ಹುಡುಗ ಹೇಳ್ತಾನಾ?”

ನಾಲ್ವರಲ್ಲಿ ಒಬ್ಬರನ್ನು ಆರಿಸಿ ಒಪ್ಪುವ ಹಾಗೆ ಬರೆಯುವುದು ನನಗೆ ದೊಡ್ಡ ಕೆಲಸವಾಗಿರಲಿಲ್ಲ. ಹೊಟ್ಟೆಪಾಡಿಗೆ ಮಾಡುವುದೇ ಅದು. ಆದರೆ ಇದು ಅತ್ತಿಗೆಯ ಕೊನೆಯ ಕಥೆ. ಎಲ್ಲೋ ಒಂದು ಕಡೆ ಅವರು ಇಟ್ಟಿದ್ದ ಸುಳಿವು ಸರಿಯಾದ ಹೆಸರಿಗಾಗಿ ಕಾಯುತ್ತಿತ್ತು. ತಪ್ಪು ಹೆಸರು ಬರೆದರೆ ಅದು ಎಂದೆಂದಿಗೂ ಹಾಗೇ ಬಿದ್ದಿರುತ್ತದೆ, ಅದು ಸುಳಿವೆಂದು ಕೂಡ ಯಾರಿಗೂ ತಿಳಿಯದು.

ಒಂದು ಭಾನುವಾರ ಬೆಳಿಗ್ಗೆ ಅಣ್ಣ ಅವರೆಕಾಯಿ ತಂದಿದ್ದ. ಇಬ್ಬರೂ ವರಾಂಡದಲ್ಲಿ ಕೂತು ಸುಲಿಯುತ್ತಿದ್ದೆವು. ನಾನು ಕೇಳಿದೆ: “ಅಣ್ಣ, ನೀನು ಪ್ರತಿ ವಾರ ಹೆಸ್ರು ಹೇಳ್ತಿದ್ಯಲ್ಲ. ಅತ್ತಿಗೆ ಏನಂತಿದ್ರು?”

“ಅಲ್ಲ ಅಂತಿದ್ಲು.”

“ಯಾರ್ಯಾರನ್ನ ಹೇಳ್ದೆ?”

“ಎಲ್ಲಾರ್ನೂ ಹೇಳಾಯ್ತು. ಎಲ್ಲಾರ್ಗೂ ಅಲ್ಲ ಅಂದ್ಲು.”

ನನ್ನ ಕೈ ನಿಂತಿತು. “ಇರೋದೇ ನಾಲ್ಕು ಜನ. ಹಂಗಿದ್ರೆ ಒಂದ್ಸಲ ಸುಳ್ಳು ಹೇಳಿದಾರೆ.”

“ರತ್ನ ನನ್ಹತ್ರ ಸುಳ್ಳು ಹೇಳ್ತಿರ್ಲಿಲ್ಲ,” ಎಂದ ಅವನು, ಬಾಗಿಲು ಮುಚ್ಚಿದ ಹಾಗೆ.

ನಾನು ಮತ್ತೆ ಕಾಯಿ ಸುಲಿಯತೊಡಗಿದೆ. ಆಮೇಲೆ ಅವನೇ ಶುರುಮಾಡಿದ, ನನಗೆ ಹೇಳುವುದಕ್ಕಲ್ಲ, ತನ್ನ ಮಾತು ಸರಿಯೆಂದು ತನಗೇ ತೋರಿಸಿಕೊಳ್ಳುವುದಕ್ಕೆ.

“ವಾಚ್‌ಮ್ಯಾನ್ ಅಂದೆ. ಬಿದ್ದು ಬಿದ್ದು ನಕ್ಳು. ‘ಪಾಪ ರೀ, ಅವ್ನಿಗೆ ಬೀಡಿ ಹಚ್ಚೋಕೇ ಕೈ ನಡುಗತ್ತೆ’ ಅಂದ್ಲು. ಪಾಲುದಾರ ಅಂದೆ. ‘ನಿಮ್ ತಲೆ. ದಾರೀಲಿ ಹೋಗೋರೂ ಅವ್ನನ್ನೇ ಹೇಳ್ತಾರೆ’ ಅಂತ ಬೈದ್ಲು. ತಮ್ಮ ಅಂದಾಗ, ‘ಅಲ್ಲಾರೀ, ಅವ್ನು ನಿಮ್ ಥರಾನೇ ಪೆದ್ದ’ ಅಂದ್ಲು. ವಸಂತಮ್ಮ ಅಂದೆ...”

ಅವನು ತಡೆದ.

“ಅಲ್ಲ ಅಂದ್ಲು. ಅಷ್ಟೇ. ನೀರು ತರ್ತೀನಿ ಅಂತ ಎದ್ದೋದ್ಲು.” ಕೈಯಲ್ಲಿದ್ದ ಕಾಯಿಯನ್ನು ನೋಡುತ್ತಾ ಹೇಳಿದ, “ಚೊಂಬಲ್ಲಿ ನೀರು ತುಂಬಿತ್ತು ಕಣೇ.”

ಅವನ ಮುಖ ನಿಧಾನವಾಗಿ ಅರಳಿತು. ಅತ್ತಿಗೆ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. “ಕಳ್ಳಿ! ನನ್ ಮುಂದೆ ನಿಂತ್ಕೊಂಡು ಸುಳ್ಳು ಹೇಳಕ್ಕಾಗಲ್ಲ ಅಂತ ಎದ್ದೋಗಿದಾಳೆ ನೋಡು! ವಸಂತಮ್ಮ ಕಣೇ ಮಂಜು. ವಸಂತಮ್ಮಾನೇ!” ನಾನೂ ನಕ್ಕೆ. ಒಂದು ಕ್ಷಣ ಅತ್ತಿಗೆ ಒಳಗೆ ಅಡುಗೆಮನೆಯಲ್ಲಿ ಸಿಕ್ಕಿಬಿದ್ದು ನಿಂತಿದ್ದಾರೆ ಅನ್ನಿಸಿತು.

ನಗು ಅವನ ಮುಖದಿಂದ ಇಳಿದದ್ದನ್ನು ನಾನು ನೋಡಿದೆ. ಯಾಕೆಂದು ಆಗ ತಿಳಿಯಲಿಲ್ಲ.

“ಆವತ್ತು ಬೆಳಿಗ್ಗೆ,” ಎಂದ. “ಹಣೆ ಒತ್ಕೊಂಡು ಕೂತಿದ್ಲು. ತಲೆನೋವಾ ರತ್ನ ಅಂದೆ. ಇಲ್ಲ ಅಂದ್ಲು. ನೀರು ತರ್ತೀನಿ ಅಂತ ಎದ್ದೋದ್ಲು.”

ನಾನು ಏನೋ ಹೇಳಲು ಹೋದೆ. ಆವತ್ತೇ ಆಸ್ಪತ್ರೆಗೆ ಹೋಗಿದ್ದರೂ ಉಳಿಯುತ್ತಿದ್ದರೋ ಇಲ್ಲವೋ ಯಾರು ಬಲ್ಲರು ಎಂದೆ. ಅದು ನಿಜವೂ ಹೌದು. ಅವನು ಕೇಳಿಸಿಕೊಳ್ಳಲಿಲ್ಲ. ಉಳಿದ ಕಾಯಿಯನ್ನೆಲ್ಲ ತಲೆ ಎತ್ತದೆ ಸುಲಿದು ಮುಗಿಸಿದ. ಸಿಪ್ಪೆ ಎತ್ತಿಕೊಂಡು ಹೊರಗೆ ಹೋದವನು ಮಧ್ಯಾಹ್ನ ಕಳೆದ ಮೇಲೆ ಬಂದ.

ನಾನು ಮೇಲೆ ಹೋಗಿ, ವಸಂತಮ್ಮ ಬರುವ ಜಾಗಗಳನ್ನು ಮಾತ್ರ ಮತ್ತೆ ಕೇಳಿದೆ. ಸುಳಿವು ಸಿಕ್ಕಿತು. ಹೆಣ ಸಿಕ್ಕಿದ ಬೆಳಿಗ್ಗೆ ಎಲ್ಲರೂ ಎಂದಿನಂತೆ ಊಟದ ಡಬ್ಬಿ ಹಿಡಿದು ಬರುತ್ತಾರೆ, ವಸಂತಮ್ಮ ಬರಿಗೈಯಲ್ಲಿ ಬರುತ್ತಾಳೆ. ಆ ಸಾಲು ಬೇಡವೆಂದು ನಾನು ತೆಗೆದಿದ್ದೆ. ಅತ್ತಿಗೆ ಮತ್ತೆ ಹಾಕಿಸಿದ್ದರು. ಆ ದಿನ ಪೊಲೀಸರು ಬರುತ್ತಾರೆ, ಕೆಲಸ ನಿಲ್ಲುತ್ತದೆ, ಊಟದ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ ಎಂದು ಮನೆ ಬಿಡುವ ಮೊದಲೇ ಗೊತ್ತಿದ್ದವಳು ಅವಳೊಬ್ಬಳೇ. ಕಾರ್ಖಾನೆಗೆ ಡಬ್ಬಿ ಕಟ್ಟಿಕೊಂಡು ಹೋಗುವವರಿಗೆ ಮಾತ್ರ ಹೊಳೆಯುವ ಸುಳಿವು. ನಾನು ಮನೆಯಲ್ಲಿ ಕೂತು ಬರೆಯುವವಳು, ನನಗೆ ಹೊಳೆದಿರಲಿಲ್ಲ.

ನಾಲ್ಕು ಕಂತುಗಳನ್ನು ಸಂಕ್ರಾಂತಿಗೆ ಮೊದಲೇ ಕೊಟ್ಟೆ. ಕೊನೆಯ ಕಂತು ಚೆನ್ನಾಗಿ ಓಡಿತು. ಡಬ್ಬಿಯ ಸುಳಿವನ್ನು ಹೊಗಳಿ ಬಹಳ ಜನ ಬರೆದರು. ಸುಹಾಸ್ ಅವನ್ನೆಲ್ಲ ನನಗೆ ಕಳಿಸಿದ. ಅಣ್ಣನಿಗೆ ಓದಿ ಹೇಳಿದೆ. “ಹೂಂ,” ಎಂದ. ಕೊನೆಯ ಕಂತನ್ನು ಅವನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಈಗ ಮತ್ತೆ ನನ್ನ ಕೈಯಲ್ಲಿ ಎರಡು ಮೂರು ಕೆಲಸಗಳಿವೆ. ಕೊಲೆಯ ಕಥೆಯನ್ನು ಒಬ್ಬಳೇ ಹೆಣೆಯಲು ಕಲಿಯುತ್ತಿದ್ದೇನೆ, ಅತ್ತಿಗೆಯಷ್ಟು ಬಿಗಿ ಬರುವುದಿಲ್ಲ. ನಮ್ಮ ಕಸುಬು ಗುಟ್ಟನ್ನು ಕಾಯುವ ಕಸುಬು. ಕೇಳುವವರ ಕಣ್ಣೆದುರೇ ಇಟ್ಟು ಕಾಣದಂತೆ ಮಾಡಬೇಕು. ಕೊನೆಯಲ್ಲಿ ಅದು ಕಂಡಾಗ, ಅರೆ, ಇಲ್ಲೇ ಇತ್ತಲ್ಲ ಎಂದು ಅವರಿಗೆ ಸಂತೋಷವಾಗುತ್ತದೆ. ಆ ಭಾನುವಾರ ಮನೆಯಲ್ಲಿ ಅದೇ ಮಾತನ್ನು ತನಗೆ ತಾನೇ ಹೇಳಿಕೊಂಡ ಅಣ್ಣನ ಪಕ್ಕದಲ್ಲಿ ನಾನು ಕೂತಿದ್ದೆ. ಅದರಲ್ಲಿ ಸಂತೋಷವಿಲ್ಲ. ಅಷ್ಟು ವರ್ಷ ಬರೆದರೂ ನನಗೆ ತಿಳಿಯದಿದ್ದ ಸಂಗತಿ ಅದು. ಕಥೆಯಲ್ಲಿ ಏನು ಬೇಕಾದರೂ ಬಚ್ಚಿಡುತ್ತೇನೆ, ಮನೆಯಲ್ಲಿ ಏನನ್ನೂ ಬಚ್ಚಿಡುವುದಿಲ್ಲ.

ಅಣ್ಣ ಈಗ ಕೆಲಸದಿಂದ ಬಂದ ಕೂಡಲೇ ಕೆಳಗಿನಿಂದಲೇ ಕೂಗಿ ಕೇಳುತ್ತಾನೆ, ಹುಷಾರಾಗಿದೀಯಾ ಎಂದು. ಹೂಂ ಎಂದು ಮುಗಿಸಿಬಿಡಬಹುದು. ನಾನು ಬರೆಯುತ್ತಿರುವುದನ್ನು ನಿಲ್ಲಿಸಿ ಮೆಟ್ಟಿಲಿಗೆ ಬರುತ್ತೇನೆ.

“ಬೆನ್ನು ನೋಯ್ತಿದೆ ಅಣ್ಣ, ಸ್ವಲ್ಪ.”

“ಸ್ವಲ್ಪ ಅಂದ್ರೆ ಎಷ್ಟು? ಸರಿಯಾಗಿ ಹೇಳು,” ಎನ್ನುತ್ತಾನೆ.

ಸರಿಯಾಗಿ ಹೇಳುತ್ತೇನೆ.