ಅಜ್ಜಿ ಕೇಳಿದ ‘ಹೂಂ’

“ಏನ್ರೋ, ಊಂ ಅನ್ನಾಕಿಲ್ವಾ? ಮಲಗ್ಬುಟ್ರಾ?”

ಹೋದ ಸುಗ್ಗಿಯಲ್ಲಿ ಸತ್ತ ಅಜ್ಜಿ ಹೀಗೆ ಕೇಳಿದಾಗ, ನರಸೀಪುರದ ನಮ್ಮ ಮನೆ ಜಗಲಿಯಲ್ಲಿ ಕೂತಿದ್ದವರೆಲ್ಲ ಕಲ್ಲಾದೆವು. ಅತ್ತಿಗೆಯ ಕೈಲಿದ್ದ ಮೊರ ಬಿದ್ದು ಅಕ್ಕಿಯೆಲ್ಲ ಚೆಲ್ಲಿತು. ಧ್ವನಿ ಬಂದದ್ದು ಫೋನೋಗ್ರಾಫಿನ ಹಿತ್ತಾಳೆ ಕಹಳೆಯಿಂದ. ಮುದುಕರ ಕಥೆಗಳನ್ನು ಮೇಣದ ಉರುಳೆಯಲ್ಲಿ ಹಿಡಿದಿಡುವ ಮೈಸೂರಿನ ಮಹನೀಯರೊಬ್ಬರು, ಅವಳು ಬದುಕಿದ್ದಾಗ ಹೇಳಿದ ಕಥೆಯನ್ನು ನಮಗೆ ಕೇಳಿಸುತ್ತಿದ್ದರು. ಯಾರಾದರೂ ಹೂಂಗುಟ್ಟದಿದ್ದರೆ ಅಜ್ಜಿ ಕಥೆ ಮುಂದುವರಿಸುತ್ತಿರಲಿಲ್ಲ. ಆದರೆ ಕಥೆ ಹಿಡಿದ ದಿನ ಬೇರೆ ಸದ್ದು ಸೇರಬಾರದೆಂದು ಅವರು ನಮ್ಮೆಲ್ಲರ ಬಾಯಿ ಮುಚ್ಚಿಸಿ, ಮುಂದುವರಿಸುವಂತೆ ಅವಳಿಗೆ ಕೈಸನ್ನೆ ಮಾಡಿದ್ದರು.

ಈಗ ಕಹಳೆ ಸುಮ್ಮನೆ ಕಾಯುತ್ತಿತ್ತು. ಕಂಬಕ್ಕೊರಗಿದ್ದ ತಾತ ತೆವಳಿಕೊಂಡು ಬಂದು ಅದರ ಮುಂದೆ ಕೂತ.

“ಊಂ ಕಣಮ್ಮಿ, ಯೋಳು,” ಎಂದ.

ಅಜ್ಜಿ ಹೇಳಿಯೇಬಿಟ್ಟಳು! ಅವನ ಮಾತು ಕೇಳಿಸಿತೇನೋ ಎಂಬಂತೆ, ಸರಿಯಾಗಿ ಅದೇ ಗಳಿಗೆಗೆ. ಕಥೆಯ ಹುಡುಗಿ ತವರಿಗೆಂದು ಹರಿಗೋಲು ಹತ್ತಿದಳು. ತಾತ ಊಂ ಎಂದ. ಕಪಿಲೆ ಉಕ್ಕಿ ಬಂತು. ತಾತ ಊಂ ಎಂದ. ಹರಿಗೋಲು ನಡುಹೊಳೆಯಲ್ಲಿ ಗಿರ್ರನೆ ತಿರುಗತೊಡಗಿತು. ಅಷ್ಟಕ್ಕೆ ಉರುಳೆ ಮುಗಿದು ಬರೀ ಕರಕರ ಸದ್ದು ಉಳಿಯಿತು.

“ಊಂ... ಆಮೇಕೆ?” ತಾತ ನಮ್ಮ ಕಡೆ ತಿರುಗಿದ.

ಆ ಹುಡುಗಿ ಆಚೆ ದಡ ಸೇರಿದಳೋ ಇಲ್ಲವೋ, ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹುಟ್ಟಿದಾಗಿನಿಂದ ಕೇಳಿದ ಕಥೆ ಅದು. ಇಷ್ಟು ವರ್ಷವೂ ನಾವು ನಿದ್ದೆಗಣ್ಣಲ್ಲೇ ಹೂಂ ಅಂದಿದ್ದೆವು.