ಭುಜ ಉಳಿಸಿದವರಿಗೆ ನೋಟಿಸು

ಬೆಳಗಿನ ಐದೂವರೆ. ಕೇಶ್ವಾಪುರದ ಒಂದು ಈಜುಕೊಳದಲ್ಲಿ ಎದೆಮಟ್ಟದ ನೀರಿಗಿಳಿದು ನಿಂತಿರುವ ಕರುಣಾ, ಹದಿನಾರು ವರ್ಷದ ಮುಸ್ಕಾನ್‌ಳ ಮೊಣಕೈಯನ್ನು ಎರಡು ಬೆರಳಿನಿಂದ ಮೇಲೆತ್ತುತ್ತಾರೆ. "ಮುಂಗೈ ಬಿಗಿ ಹಿಡಿಬ್ಯಾಡವಾ. ಮೊಣಕೈ ಮೊದಲ ಏಳಲಿ, ಮುಂಗೈ ಅದರ ಹಿಂದ ಜೋತಾಡಕೋತ ಬರ್ಲಿ. ನೀರಿನ ಹೊರಗ ಇದ್ದಾಗರೆ ಕೈಗೆ ಆರಾಮ ಕೊಡು." ಹುಡುಗಿ ಫ್ರೀಸ್ಟೈಲ್‌ನಲ್ಲಿ ಇಪ್ಪತ್ತೈದು ಮೀಟರ್ ಹೋಗಿ ಬರುತ್ತಾಳೆ. ನೀರು ಸಿಡಿಯುವುದಿಲ್ಲ.

ಇಷ್ಟು ಚೆನ್ನಾಗಿ ಕಲಿಸಿದ್ದಕ್ಕೆ ಕರುಣಾ ಅವರಿಗೆ ಸಿಕ್ಕಿದ್ದು ನೋಟಿಸು.

ಮೂವತ್ತೆಂಟರ ಅವರು ದಾಖಲೆಯಲ್ಲಿ ತರಬೇತುದಾರರಲ್ಲ, ಕೊಳದ ಸಹಾಯಕಿ. ನಾಲ್ಕೂವರೆಗೆ ಬಂದು ನೀರಿನ ಮೇಲಿನ ಕಸ ತೆಗೆಯಬೇಕು, ಕ್ಲೋರಿನ್ ನೋಡಬೇಕು, ಮಹಿಳೆಯರ ಒಂದು ತಾಸಿನ ಬ್ಯಾಚಿನಲ್ಲಿ ಯಾರೂ ಮುಳುಗದಂತೆ ಕಾಯಬೇಕು. ಬ್ಯಾಚಿನಲ್ಲಿ ಐವತ್ತೆರಡು ಮಂದಿ, ಕಾಯುವವರು ಇವರೊಬ್ಬರೇ. ತಂದೆ ನೀಲಪ್ಪ ಇದೇ ಕೊಳ ತೊಳೆಯುತ್ತಿದ್ದರು. ತೊಳೆಯುವವರ ಮಕ್ಕಳು ನೀರಿಗಿಳಿಯುವಂತಿರಲಿಲ್ಲ. "ಸೋಮವಾರ ಕೊಳಕ್ಕ ಸೂಟಿ. ಅಪ್ಪ ಗೇಟ್ ಹಾಕ್ಕೊಂಡು ನನ್ನ ನೀರಿಗೆ ಇಳಸ್ತಿದ್ದ. ಅವ್ವಗೂ ಹೇಳಿದ್ದಿಲ್ರಿ," ಎನ್ನುತ್ತಾರೆ. ನಗುವುದಿಲ್ಲ.

ಕಳೆದ ವರ್ಷ ಕಮರಿಪೇಟೆಯ ಈ ಮುಸ್ಕಾನ್‌ಳ ಬಲಭುಜ ಊದಿಕೊಂಡಿತು. ಮುಖ್ಯ ತರಬೇತುದಾರ ಅಂಬರೀಷ ಅವರು ಭುಜ ಬಿಗಿದು ಕೈಯನ್ನು ಕೋಲಿನಂತೆ ಬೀಸಿಸುತ್ತಿದ್ದರು. ನೋವು ಎಂದರೆ ಇನ್ನೂ ಹತ್ತು ಸುತ್ತು. ಆರು ವಾರ ನೀರೇ ಬೇಡವೆಂದರು ವೈದ್ಯರು. ಅಂಬರೀಷ ತಂಡದ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. ಹಾಳು ಮಾಡಿದವರೇ ಕೈ ತೊಳೆದುಕೊಂಡರು.

ಆರು ವಾರ ಕಳೆದ ಮೇಲೆ ಕರುಣಾ ಅವಳನ್ನು ಮಹಿಳೆಯರ ಬ್ಯಾಚಿಗೆ ಕರೆದರು. ಎರಡು ತಿಂಗಳು ಒಂದೇ ಅಭ್ಯಾಸ: ಮೈ ಪಕ್ಕಕ್ಕೆ ಹೊರಳಬೇಕು, ಬೆರಳ ತುದಿ ನೀರನ್ನು ಸವರುತ್ತ ಕೈ ಮುಂದೆ ಬರಬೇಕು, ಒಂದು ಸಲಕ್ಕೆ ಒಂದೇ ಕೈ. ಭುಜದ ನೋವು ನಿಂತಿತು. ಮತ್ತೆ ತಂಡದ ಪಟ್ಟಿ ಸೇರಿದ ಮುಸ್ಕಾನ್ ರಾಜ್ಯಮಟ್ಟದಲ್ಲಿ ಬೆಳ್ಳಿ ಗೆದ್ದಳು.

ಸನ್ಮಾನದ ದಿನ ಶಾಲು ಹೊದಿಸಿದ್ದು ಅಂಬರೀಷರಿಗೆ. ಕರುಣಾ ಕುರ್ಚಿ ಹಾಕುತ್ತಿದ್ದರು. "ನನಗ ಕಲಿಸಿದ್ದು ಕರುಣಾ ಅಕ್ಕಾರು," ಎಂದು ಮುಸ್ಕಾನ್ ಮೈಕಿನಲ್ಲಿ ಹೇಳಿಬಿಟ್ಟಳು. ಮೂರನೇ ದಿನ ಕೊಳದ ಸಮಿತಿಯ ನೋಟಿಸು ಗೋಡೆಗೆ ಬಿತ್ತು: ಸಹಾಯಕ ಸಿಬ್ಬಂದಿ ಈಜು ಕಲಿಸತಕ್ಕದ್ದಲ್ಲ. ಕರುಣಾ ಬಳಿ ಪ್ರಮಾಣಪತ್ರವಿಲ್ಲವಂತೆ. ಪ್ರಮಾಣಪತ್ರವಿದ್ದವರ ಕೈಯಲ್ಲೇ ಆ ಭುಜ ಕೆಟ್ಟಿತೆಂದು ಸಮಿತಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಕರುಣಾ ಉತ್ತರ ಬರೆದರು. "ಕಲಸೂದು ಬಿಡ್ತೇನಿ, ಆದ್ರ ನಾಳೆ ಹುಡುಗ್ಯಾರ ಭುಜ ಹೋದ್ರ ಜವಾಬ್ದಾರಿ ಯಾರದು, ಹೆಸರು ಬರದು ಸಹಿ ಮಾಡಿ ಕೊಡ್ರಿ ಅಂತ ಕೇಳಿದೆ." ನಾಲ್ಕು ತಿಂಗಳಾಯಿತು. ಹನ್ನೊಂದು ಸದಸ್ಯರಲ್ಲಿ ಒಬ್ಬರೂ ಸಹಿ ಮಾಡಿಲ್ಲ. ನೋಟಿಸನ್ನೂ ಕಿತ್ತಿಲ್ಲ. ಅದರ ಎದುರಿಗೇ ಕರುಣಾ ದಿನಾ ನೀರಿಗಿಳಿದು ಕಲಿಸುತ್ತಾರೆ. ಈಗ ಅಂಬರೀಷರ ಬ್ಯಾಚಿನ ಒಂಬತ್ತು ಹುಡುಗಿಯರೂ ಇವರ ಬಳಿ ಬರುತ್ತಾರೆ.

ಸಿಟ್ಟು ಬರುವುದಿಲ್ಲವೇ ಎಂದು ಕೇಳುತ್ತೇನೆ.

"ದಿನಾ ಬರ್ತದ್ರಿ. ಶಾಲಿನ ಸಲುವಾಗಿ ಅಲ್ಲ. ಮಕ್ಕಳ ಮೈ ಅಂದ್ರ ಇವರಿಗೆ ಏನೂ ಅಲ್ಲ, ಅದಕ್ಕ." ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಪದಕ ಬರ್ಲಿ, ಬಿಡ್ಲಿ. ನನ್ನ ಕಡೆ ಕಲತ ಹುಡುಗ್ಯಾರು ಅರವತ್ತು ವರ್ಷದಾಗೂ ಕೈ ಎತ್ತಿ ತಮ್ಮ ತಲಿ ತಾವು ಬಾಚ್ಕೋಬೇಕು. ನನಗ ಅಷ್ಟ ಸಾಕ್ರಿ."